ಬೆಳ್ಳಿಹಬ್ಬದ ಮೂಗಿ

"ಏಮಯ್ಯಾ..." ಎಂದು ಈರಮ್ಮ ಗಂಡನ ಹೆಣದ ಮುಂದೆ ಕೂತು ಬಾಯಿ ತೆರೆದಿದ್ದಳಷ್ಟೆ, ಹಿಂದಿನಿಂದ ಬಂದ ದಾಕ್ಷಾಯಣಮ್ಮ ಅವಳ ಬಾಯಿಯನ್ನು ಅಂಗೈಯಿಂದ ಮುಚ್ಚಿಬಿಟ್ಟಳು. ಮುಚ್ಚಿದ್ದೂ ಹಗುರವಾಗಿ ಅಲ್ಲ. ಕೂಸಿಗೆ ಔಷಧಿ ಕುಡಿಸಿ, ಉಗುಳೀತೆಂದು ಬಾಯಿ ಒತ್ತಿ ಹಿಡಿಯುತ್ತಾರಲ್ಲ, ಹಾಗೆ.

"ಬ್ಯಾಡಕ್ಕ, ಇಲ್ಲಿ ಬ್ಯಾಡ," ಎಂದು ಕಿವಿಯಲ್ಲಿ ಹೇಳಿದಳು. "ಏಳು, ಒಳಗ ಬಾ."

ಗಂಡ ಸತ್ತವಳಿಗೆ ಅಳಬೇಡ ಎನ್ನುವವರನ್ನು ಸಿರುಗುಪ್ಪ ಅದುವರೆಗೆ ಕಂಡಿರಲಿಲ್ಲ. ಪಡಸಾಲೆ ತುಂಬ ಕೂತಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಕೊಟ್ರಬಸಪ್ಪನನ್ನು ಸ್ನಾನ ಮಾಡಿಸಿ, ಮಡಿ ಉಡಿಸಿ, ಅಂಗೈಯಲ್ಲಿ ಲಿಂಗವಿಟ್ಟು, ಲಿಂಗವಂತರ ಪದ್ಧತಿಯಂತೆ ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆಯ ತುಂಬ ವಿಭೂತಿ. ಹೆಂಡತಿಯ ಬಾಯಿ ಮುಚ್ಚಿದ್ದನ್ನು ಅವನು ಕಂಡೂ ಕಾಣದವನ ಹಾಗೆ ಕೂತಿದ್ದ. ಆ ಕಲೆ ಅವನಿಗೆ ಹೊಸದಾಗಿರಲಿಲ್ಲ. ನಾಲ್ಕು ದಿನದ ಕೆಳಗೆ ಇದೇ ಪಡಸಾಲೆಯಲ್ಲಿ ಒಮ್ಮೆ ಹಾಗೆಯೇ ಕೂತಿದ್ದ.

ಒಳಗೆ ಅಡುಗೆಮನೆಯ ಬಾಗಿಲಲ್ಲಿ ದೊಡ್ಡಬಸಪ್ಪ ಕೈಮುಗಿದು ನಿಂತಿದ್ದ. ಅವನು ದಾಕ್ಷಾಯಣಮ್ಮನ ಗಂಡ, ಅಕ್ಕಿ ಗಿರಣಿಯ ಮಾಲೀಕ, ಎಲ್ಲಕ್ಕಿಂತ ಹೆಚ್ಚಾಗಿ ಬೆಳ್ಳಿಹಬ್ಬ ಸಮಿತಿಯ ತಾಲ್ಲೂಕು ಅಧ್ಯಕ್ಷ. ಕನ್ನಡ ನಾಡು ಒಂದಾಗಿ ಇಪ್ಪತ್ತೈದು ವರ್ಷ ತುಂಬುತ್ತದೆಂದು ವರ್ಷಪೂರ್ತಿ ರಾಜ್ಯದ ತುಂಬ ಹಬ್ಬ ನಡೆದಿತ್ತು. ಸಿರುಗುಪ್ಪ ತಾಲ್ಲೂಕಿನಲ್ಲಿ ಹಬ್ಬ ಎಂದರೆ ಕೊಟ್ರಬಸಪ್ಪನ ಮೈಕ್‌ಸೆಟ್ಟು. ಇವತ್ತು ಹಚ್ಚೊಳ್ಳಿ, ನಾಳೆ ಕರೂರು, ನಾಡಿದ್ದು ರಾರಾವಿ ಎಂದು ಬಸ್ಸಿನ ತಲೆ ಮೇಲೆ ಮೈಕಿನ ಹಾರನ್ನು ಹೇರಿಕೊಂಡು ಹೋಗಿ, ಗಿಡಕ್ಕೆ ಕಟ್ಟಿ, ಜನರನ್ನು ಕೂಗಿ ಕರೆದು, ಸಭೆ ಮುಗಿದ ಮೇಲೆ ಜಮಖಾನೆಯನ್ನೂ ತಾನೇ ಸುತ್ತಿಟ್ಟು ಬರುತ್ತಿದ್ದ. ಹಬ್ಬದ ಮುಕ್ತಾಯ ಬರುವ ವಾರ ಬಳ್ಳಾರಿಯಲ್ಲಿ. ಅಲ್ಲಿ ಅವನಿಗೆ ಶಾಲು ಹೊದಿಸುವುದೆಂದು ನಿಶ್ಚಯವಾಗಿತ್ತು. ಈಗ ಶಾಲನ್ನು ಹೆಣಕ್ಕೇ ಹೊದಿಸಬೇಕಾಗಿತ್ತು.

"ಅಕ್ಕ, ಬೆಂಗಳೂರಿನ ಹಿರಿಯರು ಬಳ್ಳಾರಿಗೆ ಬಂದು ಇಳಿದಾರ," ಎಂದ ದೊಡ್ಡಬಸಪ್ಪ. "ಸುದ್ದಿ ಕೇಳಿ ಜೀಪ್ ಮಾಡಿಕೊಂಡು ಇಲ್ಲಿಗೇ ಬರಾಕತ್ತಾರ. ನಿಮಗ ಮಾತು ಬರಂಗಿಲ್ಲ, ಮೂಗಿ ಅದೀರಿ ಅಂತ ಅವರು ತಿಳಕೊಂಡಾರ. ಅದು ಹೆಂಗಾತು ಅನ್ನೋದು ನಿಮಗೂ ಗೊತ್ತೈತಿ, ನನಗೂ ಗೊತ್ತೈತಿ. ಈಗ ನೀವು ಒಮ್ಮಿಗೇ ಬಾಯಿ ಬಿಟ್ರ, ಅದೂ ತೆಲುಗಿನಾಗ, ಸತ್ತವನ್ನ ಸುಳ್ಳ ಮಾಡಿದಂಗ ಆಕೈತಿ."

ಈರಮ್ಮ ಅವನನ್ನೇ ನೋಡಿದಳು.

"ಕಣ್ಣೀರು ಹಾಕ್ರಿ, ಯಾರು ಬ್ಯಾಡ ಅಂತಾರ? ಎದಿ ಬಡಕೊಳ್ರಿ. ಬಾಯಿ ಮಾತ್ರ ಬಿಡಬ್ಯಾಡ್ರಿ. ಇವತ್ತೊಂದಿನ."

ಇವತ್ತೊಂದಿನ. ಆ ಮಾತು ಕಿವಿಗೆ ಬಿದ್ದದ್ದೇ ಈರಮ್ಮನ ಮೈಯೆಲ್ಲ ಉರಿದು ಹೋಯಿತು. ಆದರೂ ಏನೂ ಅನ್ನದೆ ಗೋಡೆಗೆ ಒರಗಿ ಕೂತಳು. ಅವಳು ಸುಮ್ಮನಾದದ್ದನ್ನು ದೊಡ್ಡಬಸಪ್ಪ ಒಪ್ಪಿಗೆ ಎಂದುಕೊಂಡು ನಿರಾಳವಾಗಿ ಹೊರಗೆ ಹೋದ. ಈ ಗಂಡಸರಿಗೆ ಹೆಂಗಸು ಸುಮ್ಮನಾದರೆ ಒಪ್ಪಿದಳೆಂದೇ ಲೆಕ್ಕ.

* * *

ಈರಮ್ಮನ ತವರು ಹಗರಿಯ ಆಚೆ ದಂಡೆ. ರಾರಾವಿಯ ಹತ್ತಿರ ಹೊಳೆ ದಾಟಿದರೆ ಕಣ್ಣಿಗೆ ಕಾಣುವಷ್ಟು ಹತ್ತಿರದ ಊರು. ಐವತ್ತಮೂರರ ಬೇಸಿಗೆಯಲ್ಲಿ ಅವಳ ಮದುವೆಯಾದಾಗ ಎರಡೂ ದಂಡೆ ಒಂದೇ ಬಳ್ಳಾರಿ ಜಿಲ್ಲೆ, ಒಂದೇ ಮದರಾಸು ಸರ್ಕಾರ. ದಿಬ್ಬಣ ಬತ್ತಿದ ಹೊಳೆಯ ಮರಳಿನಲ್ಲಿ ನಡೆದೇ ಬಂದಿತ್ತು. ಆ ವರ್ಷದ ಮಳೆಗಾಲ ಮುಗಿಯುವಷ್ಟರಲ್ಲಿ ಯಾರೋ ದೊಡ್ಡವರು ಎಲ್ಲೋ ಕೂತು ಗೆರೆ ಎಳೆದರು. ಅತ್ತೆಮನೆ ಮೈಸೂರಿಗೆ ಬಂತು, ತವರು ಆಂಧ್ರಕ್ಕೆ ಹೋಯಿತು.

ಆ ಗೆರೆಗಾಗಿ ಬಳ್ಳಾರಿಯ ಬೀದಿಗಳಲ್ಲಿ ಕೂಗಿ ಗಂಟಲು ಕೆಡಿಸಿಕೊಂಡವರಲ್ಲಿ ಅವಳ ಗಂಡನೂ ಒಬ್ಬ. ಬಳ್ಳಾರಿ ಕನ್ನಡದ್ದು ಎಂದು ಕೂಗಿದ್ದೇ ಕೂಗಿದ್ದು. ಊರಿಗೆ ಬಂದಾಗ ಅವನಿಗೆ ದನಿಯೇ ಇರಲಿಲ್ಲ. ಈರಮ್ಮ ಬಿಸಿನೀರಿಗೆ ಉಪ್ಪು ಹಾಕಿ ಕೊಡುತ್ತ, "ನನ್ನ ತವರನ್ನು ಕೂಗಿ ಕೂಗಿ ಆಚೆ ನೂಕಿ ಬಂದೆಯಾ?" ಎಂದು ತೆಲುಗಿನಲ್ಲಿ ಕೇಳಿದಳು. ಅವನು ಆ ಬಿದ್ದುಹೋದ ದನಿಯಲ್ಲೇ, ತೆಲುಗಿನಲ್ಲೇ, "ಊರು ಹೋದರೆ ಹೋಗಲಿ, ನೀನು ಈಚೆಗೆ ಬಂದಿದ್ದೀಯಲ್ಲ," ಎಂದ. ಹೊಸ ಹೆಂಡತಿಗೆ ಇದಕ್ಕಿಂತ ಇನ್ನೇನು ಬೇಕು. ಅವಳು ನಕ್ಕುಬಿಟ್ಟಳು.

ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ? ಈರಮ್ಮ ಸಂತೆಯಲ್ಲಿ, ಬಾವಿಕಟ್ಟೆಯಲ್ಲಿ, ಅತ್ತೆಯ ಬೈಗುಳದಲ್ಲಿ ಕನ್ನಡ ಕಲಿತಳು. ಅತ್ತೆ ಚನ್ನಬಸಮ್ಮ ಬೈಯುವುದರಲ್ಲಿ ಎತ್ತಿದ ಕೈ, ಆದ್ದರಿಂದ ಬೇಗನೇ ಕಲಿತಳು. ಆದರೆ ಗಂಡನ ಜೊತೆ ಮಾತ್ರ ಮೊದಲ ದಿನದಿಂದ ತೆಲುಗೇ. ಪ್ರೀತಿಯೂ ಅದರಲ್ಲೇ, ಜಗಳವೂ ಅದರಲ್ಲೇ, ಸೊಪ್ಪಿಗೆ ಉಪ್ಪು ಹೆಚ್ಚಾಯಿತು ಎಂಬ ತಕರಾರೂ ಅದರಲ್ಲೇ. ಕೊಟ್ರಬಸಪ್ಪ ಹೊಸ್ತಿಲ ಹೊರಗೆ ಚಪ್ಪಲಿಯ ಜೊತೆ ಕನ್ನಡವನ್ನೂ ಬಿಟ್ಟು ಒಳಗೆ ಹೋಗುತ್ತಾನೆಂದು ಓಣಿಯ ಜನ ಆಡಿಕೊಳ್ಳುತ್ತಿದ್ದರು. ಅವನು ಅದಕ್ಕೂ ನಗುತ್ತಿದ್ದ.

ಚನ್ನಬಸಮ್ಮ ಸತ್ತ ದಿನ ಈರಮ್ಮ ಮೊದಲ ಸಲ ಈ ಮನೆಯಲ್ಲಿ ಹಾಡಿ ಅತ್ತಳು. ಅವಳ ಕಡೆಯ ಹೆಂಗಸರು ಸುಮ್ಮನೆ ಅಳುವುದಿಲ್ಲ. ಹೆಣದ ಮುಂದೆ ಕೂತು, ರಾಗವೆತ್ತಿ, ಸತ್ತವರೊಂದಿಗೆ ಮಾತಾಡುತ್ತಾರೆ. ಹೊಗಳುವುದಿದ್ದರೆ ಹೊಗಳಬೇಕು, ಬೈಯುವುದಿದ್ದರೆ ಬೈಯಬೇಕು. ಮನಸ್ಸಿನಲ್ಲಿ ಒಂದು ಮಾತನ್ನೂ ಬಾಕಿ ಉಳಿಸಿಕೊಂಡು ಮಣ್ಣಿಗೆ ಕಳಿಸಬಾರದು, ಕಳಿಸಿದರೆ ಆ ಮಾತು ಉಳಿದವರನ್ನು ಮಲಗಗೊಡುವುದಿಲ್ಲ. ಅವತ್ತು ಅವಳು ಅತ್ತೆಯನ್ನು ಬೈದದ್ದು ಕೇಳಿ ಓಣಿಯ ಹೆಂಗಸರೆಲ್ಲ ಮುಸಿಮುಸಿ ನಕ್ಕು, ಆಮೇಲೆ ಬಿಕ್ಕಿಬಿಕ್ಕಿ ಅತ್ತರು. ಸಿರುಗುಪ್ಪದಲ್ಲಿ ತೆಲುಗು ಬಾರದವರು ಯಾರಿದ್ದಾರೆ?

* * *

ಜೋಗಪ್ಪ ಬ್ಯಾಟರಿ, ಹಾರನ್ನು ಹೊತ್ತು ಬಂದಾಗ ಬಿಸಿಲೇರಿತ್ತು. ಕರೂರಿನ ಈ ಜೋಗಪ್ಪ ಎಷ್ಟೋ ವರ್ಷದಿಂದ ಕೊಟ್ರಬಸಪ್ಪನ ಜೊತೆ ಗಿಡ ಹತ್ತಿ ಹಾರನ್ನು ಕಟ್ಟಿದವನು. ಅವನು ಹೆಣದ ಮುಂದೆ ಬಹಳ ಹೊತ್ತು ಕೂತ. ಆಮೇಲೆ ಹಿತ್ತಲಿನಿಂದ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತ.

"ಅವ್ವಾ, ಸಮಿತಿಯವರು ಮೈಕ್ ಕಟ್ಟು ಅಂತಾರ. ಅಣ್ಣನ ಮೈಕು ಅಣ್ಣನ ಸಾವಿಗೇ ಕಟ್ಟಾಕ ನನಗ ಕೈ ಬರವಲ್ದು."

"ಕಟ್ಟಪ್ಪಾ," ಎಂದಳು ಈರಮ್ಮ ಮೆಲ್ಲಗೆ. "ಮೈಕಿಲ್ಲದ ಸಭಾ ಅವರಿಗೆ ಯಾವತ್ತು ಸೇರ್ತಿತ್ತು?"

"ನೀವ್ಯಾಕ ಹೊರಗ ಕುಂತಿಲ್ಲ? ಹೆಂಗಸರು ಕಾಯಾಕತ್ತಾರ. ಈರಮ್ಮ ಯಾಕ ಬಾಯಿ ಬಿಡವಲ್ಲಳು, ಎದಿ ಒಡದೀತು ಅಂತ ಮಾತಾಡಾಕತ್ತಾರ."

"ನಾನು ಇವತ್ತು ಮೂಗಿಯಂತ."

ಜೋಗಪ್ಪನಿಗೆ ಕತೆ ಗೊತ್ತಿತ್ತು. ಅವನು ದೊಡ್ಡಬಸಪ್ಪ ನಿಂತಿದ್ದ ಕಡೆ ಒಮ್ಮೆ ನೋಡಿ, ಹೋಗಿ ಅಂಗಳದ ಬೇವಿನ ಮರ ಹತ್ತಿದ.

ಅಷ್ಟರಲ್ಲಿ ಕುರುಗೋಡಿನಿಂದ ಮಗಳು ವಿರೂಪಮ್ಮ ಬಂದಳು. ಓಣಿಯ ತಿರುವಿನಲ್ಲೇ, "ಅಪ್ಪಾ, ನಿನ್ನಿ ನಮ್ಮನಿಯಾಗ ಕುಂತಿದ್ಯಲ್ಲೋ," ಎಂದು ಅಳುತ್ತ ಬಂದವಳು ಅಪ್ಪನ ಕಾಲ ಮೇಲೆ ಬಿದ್ದಳು. ಹಿಂದಿನ ದಿನವಷ್ಟೇ ಕುರುಗೋಡಿನಲ್ಲಿ ಬೆಳ್ಳಿಹಬ್ಬದ ಸಭೆ ಇತ್ತು. ಕೊಟ್ರಬಸಪ್ಪ ಅದನ್ನು ಮುಗಿಸಿ, ಮಗಳ ಮನೆಗೆ ಹೋಗಿ, ಕಡೆಯ ಬಸ್ಸಿಗೆ ಊರಿಗೆ ಬಂದು ಮಲಗಿದ್ದ. ಮಲಗಿದವನು ಬೆಳಗ್ಗೆ ಏಳಲಿಲ್ಲ. ಇಷ್ಟೇ ಅವನ ಸಾವು.

ದಾಕ್ಷಾಯಣಮ್ಮ ಅವಳನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದಳು. ವಿರೂಪಮ್ಮ ಕಣ್ಣೊರೆಸಿಕೊಂಡು ಒಳಗೆ ಬಂದು ತಾಯಿಯ ಪಕ್ಕದಲ್ಲಿ ಕೂತಳು.

"ಅವ್ವಾ, ಅವರು ಹೇಳೋದರಾಗೂ ಏನೋ ಐತಿ ಬಿಡು. ಅಪ್ಪಗ ಬಳ್ಳಾರಿಯಾಗ ಸನ್ಮಾನ ಐತಿ. ದೊಡ್ಡವರ ಮುಂದ ಅಪ್ಪ ಸುಳ್ಳ ಹೇಳಿದ ಅಂತ ಆಗಬಾರದು. ಇವತ್ತೊಂದಿನ ತಡಕೋ."

"ನೀನೂ ಅದನ್ನ ಅಂತೀಯೇನು?"

ವಿರೂಪಮ್ಮ ತಲೆ ತಗ್ಗಿಸಿದಳು. ಆಮೇಲೆ ತಡೆಯಲಾರದೆ ಹೇಳಿದಳು: "ನಿನ್ನಿ ಅಪ್ಪ ನಮ್ಮನಿಯಾಗ ಅನ್ನ ಮುಟ್ಟಲಿಲ್ಲ. ಯಾಕಪ್ಪಾ ಅಂದ್ರ, ನಿಮ್ಮವ್ವ ನಾಕು ದಿನದಿಂದ ಮಾತು ಬಿಟ್ಟಾಳ, ನನಗ ಕಿವಿ ಕಿವುಡಾದಂಗ ಆಗೈತಿ ಅಂದ. ನಾಳಿ ಬಂದು ನೀನ ರಾಜಿ ಮಾಡ್ಸಬೇಕು ಅಂದ. ನಾ ನಕ್ಕು ಕಳಿಸಿದೆ."

ಈರಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡಳು.

* * *

ಬೆಂಗಳೂರಿನವರು ಊಟಕ್ಕೆ ಬಂದದ್ದು ಹೋದ ಭಾನುವಾರ. ಹಳ್ಳಿಯ ಹಬ್ಬ ಹೇಗೆ ನಡೆದಿದೆಯೆಂದು ನೋಡಲು ಬಂದಿದ್ದರು. ರೇಷ್ಮೆ ಶಾಲಿನ ಒಬ್ಬ ಹಿರಿಯರು, ಅವರ ಹಿಂದೆ ಇಬ್ಬರು. ಹಿರಿಯರಿಗೆ ಜೋಳದ ರೊಟ್ಟಿಯ ಆಸೆ ಇತ್ತು. ದೊಡ್ಡಬಸಪ್ಪ ಅವರನ್ನು ನೇರ ಕೊಟ್ರಬಸಪ್ಪನ ಮನೆಗೆ ಕರೆತಂದ.

ಈರಮ್ಮ ರೊಟ್ಟಿ ಬಡಿದಳು, ಬದನೆಕಾಯಿ ಎಣ್ಣೆಗಾಯಿ ಮಾಡಿದಳು, ಶೇಂಗಾ ಪುಡಿಯ ಮೇಲೆ ಮೊಸರು ಇಟ್ಟಳು. ಅತಿಥಿಗಳು ಕೈತೊಳೆಯುವಷ್ಟರಲ್ಲಿ ಗಂಡ ಅಡುಗೆಮನೆಗೆ ಬಂದ. ಬಂದವನ ಮುಖದಲ್ಲಿ ಅವಳೆಂದೂ ಕಾಣದ ಒಂದು ಅಳುಕಿತ್ತು.

"ಈ ಒಕ್ಕ ದಿನಂ ತೆಲುಗು ವದ್ದು ಈರಮ್ಮಾ," ಎಂದ. ಇವತ್ತೊಂದು ದಿನ ತೆಲುಗು ಬೇಡ ಎಂದು ಹೇಳುವುದಕ್ಕೂ ಅವನಿಗೆ ತೆಲುಗೇ ಬೇಕಾಯಿತು. ಅದು ಅವನಿಗೆ ಹೊಳೆಯಲೇ ಇಲ್ಲ.

ಬೇಡವಾದರೆ ಬೇಡ ಎಂದುಕೊಂಡು ಈರಮ್ಮ ಬಾಯಿಗೆ ಬೀಗ ಹಾಕಿಕೊಂಡಳು. ಕನ್ನಡವನ್ನೂ ಆಡಲಿಲ್ಲ. ರೊಟ್ಟಿ ಬೇಕೇ ಎಂದು ಕೇಳುವ ಬದಲು ತಟ್ಟೆಯ ಮುಂದೆ ರೊಟ್ಟಿ ಹಿಡಿದಳು. ಸಾಕೆಂದರೆ ಹಿಂದೆ ಸರಿದಳು. ಹಿರಿಯರು ಎರಡು ಸಲ ಅವಳನ್ನು ಮಾತಾಡಿಸಿದರು. ಅವಳು ತಲೆ ಆಡಿಸಿದಳು. ಆಗ ಅವರು ಮರುಕದಿಂದ ಕೊಟ್ರಬಸಪ್ಪನ ಕಡೆ ತಿರುಗಿದರು.

"ಪಾಪ, ನಿಮ್ಮ ಮನೆಯವರಿಗೆ ಮಾತು ಬರುವುದಿಲ್ಲವೇ?"

ರೊಟ್ಟಿ ಹಿಡಿದ ಈರಮ್ಮನ ಕೈ ಅಲ್ಲೇ ನಿಂತಿತು. ದೊಡ್ಡಬಸಪ್ಪ ಕೊಟ್ರಬಸಪ್ಪನನ್ನು ನೋಡಿದ. ಬೆಳ್ಳಿಹಬ್ಬದ ಪ್ರಚಾರದವನ ಹೆಂಡತಿ ತೆಲುಗಿನವಳು ಎನ್ನುವುದಕ್ಕಿಂತ ಮೂಗಿ ಎನ್ನುವುದೇ ವಾಸಿ ಎಂದು ಆ ನೋಟ ಹೇಳಿತು. ಕೊಟ್ರಬಸಪ್ಪ ತಟ್ಟೆ ನೋಡುತ್ತ, "ಹೂಂ ರೀ," ಎಂದುಬಿಟ್ಟ.

ಒಂದು ಹೂಂ. ಇಪ್ಪತ್ತೆಂಟು ವರ್ಷ ಅವಳು ಆಡಿದ ಮಾತೆಲ್ಲ ಆ ಒಂದು ಹೂಂನಲ್ಲಿ ಕೊಚ್ಚಿಹೋಯಿತು.

ಅವತ್ತಿನಿಂದ ಅವಳು ಅವನ ಪಾಲಿಗೆ ಮೂಗಿಯೇ ಆದಳು. ಅನ್ನ ಹಾಕಿದಳು, ನೀರಿಟ್ಟಳು, ಅಂಗಿ ಒಗೆದಳು. ಮಾತಿಲ್ಲ. ಅವನು ಗೋಗರೆದ, ರೇಗಿದ, ಹೂವು ತಂದ. ಊಹೂಂ. ಕಡೆಗೆ ಕುರುಗೋಡಿಗೆ ಹೊರಡುವ ಬೆಳಗ್ಗೆ ಏನು ಮಾಡಿದ ಗೊತ್ತೇ? ಬಜಾರಿನ ತನ್ನ ಮೈಕ್‌ಸೆಟ್ಟಿನ ಅಂಗಡಿಯ ಮಾಳಿಗೆ ಮೇಲೆ ಹಾರನ್ನು ತಿರುಗಿಸಿ, ಮೈಕ್ ಹಿಡಿದು, ತುಂಬಿದ ಬಜಾರಿಗೆಲ್ಲ ಕೇಳುವ ಹಾಗೆ, "ಈರಮ್ಮಾ, ತಪ್ಪಾಯ, ಮಾಟ್ಲಾಡವೇ," ಎಂದ. ತಪ್ಪಾಯಿತು, ಮಾತಾಡೇ, ಎಂದು ತೆಲುಗಿನಲ್ಲಿ, ಬೆಳ್ಳಿಹಬ್ಬದ ಬಟ್ಟೆ ಕಟ್ಟಿದ ಅದೇ ಅಂಗಡಿಯಿಂದ. ಒಂದು ಸಲವಲ್ಲ, ಮೂರು ಸಲ. ಬಜಾರಿನ ಜನ ಚಹಾ ಬಿಟ್ಟು ಎದ್ದು ನೋಡಿದರು. ದೊಡ್ಡಬಸಪ್ಪ ಗಿರಣಿಯಿಂದ ಓಡಿಬಂದು, "ಮಾನಾ ಕಳದ್ಯಲ್ಲೋ ಮಾರಾಯ," ಎಂದು ಅವನ ಕೈಯಿಂದ ಮೈಕ್ ಕಿತ್ತುಕೊಂಡ. "ಹೋದದ್ದು ನನ್ನ ಮಾನ, ನಿನಗೇನು?" ಎಂದು ಕೊಟ್ರಬಸಪ್ಪ ಮತ್ತೆ ಮೈಕ್ ಇಸಿದುಕೊಂಡನಂತೆ.

ಮನೆಯಲ್ಲಿ ಒಲೆಯ ಮುಂದೆ ಈರಮ್ಮ ಅದನ್ನು ಕೇಳಿದಳು. ಒಬ್ಬಳೇ ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಕೋಪ ಅಲ್ಲೇ ಕರಗಿತ್ತು. ಆದರೆ ಹೆಂಗಸಿನ ಹಟ, ಇನ್ನೊಂದು ದಿನ ಕಾಯಲಿ ಎಂದುಕೊಂಡಳು. ಅವನು ಕುರುಗೋಡಿನಿಂದ ಬಂದು ಮಲಗುವಾಗಲೂ ಅವಳ ಬಾಯಲ್ಲಿ ಮಾತು ಬಂದು ನಿಂತಿತ್ತು. ನಾಳೆ ಬೆಳಗ್ಗೆ ಚಹಾ ಕೊಡುವಾಗ ಆಡಿದರಾಯಿತು ಎಂದು ನುಂಗಿಕೊಂಡಳು.

* * *

ಜೀಪು ಬಂತು. ಅದರ ಹಿಂದೆ ಬೆಳ್ಳಿಹಬ್ಬದ ಲಾರಿಯೂ ಬಂತು, ಕೆಂಪು ಹಳದಿ ಕಾಗದ ಅಂಟಿಸಿಕೊಂಡು. ಹೆಣವನ್ನು ಲಾರಿಯಲ್ಲಿ ಕೂರಿಸಿ ಊರೆಲ್ಲ ಮೆರವಣಿಗೆ ಮಾಡುವುದೆಂದು ಸಮಿತಿ ಯಾರನ್ನೂ ಕೇಳದೆ ತೀರ್ಮಾನಿಸಿತ್ತು. ಹಿರಿಯರು ನಿಜವಾಗಿ ನೊಂದಿದ್ದರು. ಶಾಲು ಹೊದಿಸಿದರು, ಹಾರ ಹಾಕಿದರು, ಈರಮ್ಮನನ್ನು ಹೊರಗೆ ಕರೆಸಿ ಅವಳ ಮುಂದೆ ಕೈಮುಗಿದರು. ಅವಳು ಗಂಡನ ಮಗ್ಗುಲಲ್ಲಿ ಕೂತಳು. ದಾಕ್ಷಾಯಣಮ್ಮ ಅವಳ ಹಿಂದೆಯೇ ಕೂತು ಹೆಗಲ ಮೇಲೆ ಕೈ ಇಟ್ಟುಕೊಂಡಳು.

ಹಿರಿಯರು ಮೈಕ್ ಹಿಡಿದರು. ಬೇವಿನ ಮರದ ಹಾರನ್ನಿನಿಂದ ಅವರ ಮಾತು ಓಣಿಗೆಲ್ಲ ಹರಿಯಿತು. ಹಳ್ಳಿಹಳ್ಳಿ ಸುತ್ತಿದ್ದು, ಗಿಡ ಹತ್ತಿದ್ದು, ಹಸಿದು ಬಂದದ್ದು, ಎಲ್ಲವನ್ನೂ ಚೆನ್ನಾಗಿಯೇ ಹೇಳಿದರು. ಜನ ತಲೆದೂಗಿದರು. ಆಮೇಲೆ ಈರಮ್ಮನ ಕಡೆ ಕೈ ತೋರಿದರು.

"ವಿಧಿ ಅವರಿಗೆ ಮೂಕಿಯಾದ ಮಡದಿಯನ್ನು ಕೊಟ್ಟಿತು. ಮನೆಯಲ್ಲಿ ಒಂದು ಮಾತು ಕೇಳುವ ಭಾಗ್ಯವಿಲ್ಲದ ಆ ಮನುಷ್ಯ, ಇಡೀ ನಾಡಿಗೇ ದನಿಯಾದರು..."

"ಏಮಯ್ಯಾ!"

ದಾಕ್ಷಾಯಣಮ್ಮನ ಕೈ ಹೆಗಲಿನಿಂದ ಜಾರಿಹೋಯಿತು. ಈರಮ್ಮ ಗಂಡನ ಎದುರಿಗೆ ತಿರುಗಿ, ಮಂಡಿಯೂರಿ, ರಾಗವೆತ್ತಿದ್ದಳು.

"ಏಮಯ್ಯಾ, ನಾಕು ನೋರು ಲೇದಂಟಿವಿ ಗದಯ್ಯಾ..."

ಏನಯ್ಯಾ, ನನಗೆ ಬಾಯಿಲ್ಲ ಎಂದೆಯಲ್ಲಯ್ಯಾ, ಎಂದು ಅವಳು ಕೇಳಿದ್ದೇ ತಡ, ಬೆಳಗಿನಿಂದ ಅದಕ್ಕಾಗಿಯೇ ಕಾದು ಕೂತಿದ್ದ ಹೆಂಗಸರೆಲ್ಲ "ಓ ಅಯ್ಯಾ" ಎಂದು ಒಂದೇ ಉಸಿರಿನಲ್ಲಿ ಸೊಲ್ಲು ಕೊಟ್ಟರು. ದೊಡ್ಡಬಸಪ್ಪ ಗಾಬರಿಯಾಗಿ, "ಭಜನಿ ಹಚ್ಚಲೇ ಜೋಗಪ್ಪ, ಸೌಂಡ್ ಏರಿಸು," ಎಂದ. ಜೋಗಪ್ಪ ಬ್ಯಾಟರಿಯ ಹತ್ತಿರ ಹೋಗಿ ವೈರನ್ನೇ ಕಿತ್ತು ಕೈಯಲ್ಲಿ ಹಿಡಿದುಕೊಂಡ. ಹಾರನ್ನು ಕುಂಯ್ ಎಂದು ನಿಂತುಹೋಯಿತು. ಇನ್ನು ಓಣಿಯಲ್ಲಿ ಉಳಿದದ್ದು ಈರಮ್ಮನ ದನಿಯೊಂದೇ.

ಹೊಳೆ ದಾಟಿಸಿ ಕರೆತಂದಾಗ ನನಗೆ ಬಾಯಿತ್ತಲ್ಲಯ್ಯಾ, ಎಂದಳು. ನಿನ್ನ ಅವ್ವನಿಗೆ ಎದುರಾಡಿದ್ದು ಯಾವ ಬಾಯಿ? ಚೊಚ್ಚಲ ಕೂಸು ಹೋದಾಗ ನೀನು ಅಳಲಾರದೆ ಗೋಡೆಗೆ ಮುಖ ಮಾಡಿ ಮಲಗಿದ್ದೆ, ನಿನ್ನ ಪಾಲಿನ ಅಳುವನ್ನೂ ಅತ್ತದ್ದು ಯಾವ ಬಾಯಿ? ನಾಡಿಗೆಲ್ಲ ಕೇಳುವ ಹಾಗೆ ಕೂಗುವ ಗಂಡಸೇ, ಮನೆಯ ಊಟಕ್ಕೆ ಬಂದವರ ಮುಂದೆ ಇವಳು ನನ್ನವಳು, ಇವಳ ಮಾತು ತೆಲುಗು ಎನ್ನಲು ನಿನ್ನ ಗಂಟಲಿಗೆ ಏನಾಗಿತ್ತು? ಹೆದರಿದೆ ನೀನು. ನನ್ನ ಗಂಡ ಹೆದರಿದ. ಸಿಟ್ಟು ಬಂದದ್ದು ಅದಕ್ಕಯ್ಯಾ, ಬೇರೆ ಯಾತಕ್ಕೂ ಅಲ್ಲ.

"ಓ ಅಯ್ಯಾ," ಎಂದರು ಹೆಂಗಸರು. ವಿರೂಪಮ್ಮನೂ ಎಂದಳು.

ಬಜಾರಿಗೆಲ್ಲ ಕೇಳುವ ಹಾಗೆ ತಪ್ಪಾಯಿತು ಎಂದೆ. ನಾನು ಒಲೆಯ ಮುಂದೆ ನಕ್ಕೆ, ನೀನು ನೋಡಲಿಲ್ಲ. ಇನ್ನೊಂದು ದಿನ ಕಾಯಲಿ ಎಂದುಕೊಂಡೆ. ಒಂದೇ ಒಂದು ದಿನ. ಅಷ್ಟಕ್ಕೂ ತಾಳದೆ ಎದ್ದು ಹೋಗುವಂಥ ಅವಸರ ಏನಿತ್ತಯ್ಯಾ? ನಿನಗೆ ಹೇಳುವುದನ್ನೆಲ್ಲ ನಾನೀಗ ಯಾರಿಗೆ ಹೇಳಲಿ? ಮಗಳಿಗೆ ಹೇಳಿದರೆ ಅರ್ಧ ತಿಳಿಯುತ್ತದೆ, ಊರಿಗೆ ಹೇಳಿದರೆ ಆಡಿಕೊಳ್ಳುತ್ತದೆ...

ಗಂಡಸರ ಸಾಲಿನಲ್ಲಿ ಮೂಗೊರೆಸಿಕೊಳ್ಳುವ ಸದ್ದಾಯಿತು. ಹಿರಿಯರು ಸದ್ದು ನಿಂತ ಮೈಕನ್ನು ಕೈಯಲ್ಲೇ ಹಿಡಿದು ದೊಡ್ಡಬಸಪ್ಪನ ಹತ್ತಿರ ಸರಿದರು.

"ಇವರಿಗೆ ಮಾತು ಬರುತ್ತದೆಯೇ?"

ದೊಡ್ಡಬಸಪ್ಪ ಬೆವರು ಒರೆಸಿಕೊಂಡ. "ಈಗ ಬಂತ್ರಿ," ಎಂದ. "ಗಂಡ ಹೋದ ದುಃಖಕ್ಕ ಬಾಯಿ ಬಂದೈತ್ರಿ."

ಸಾವಿನ ಮನೆ ಎನ್ನುವುದನ್ನೂ ಮರೆತು ಹೆಂಗಸರಲ್ಲಿ ಯಾರೋ ಕಿಸಕ್ಕೆಂದರು. ಈರಮ್ಮ ರಾಗ ನಿಲ್ಲಿಸಿ ಮೇಲೆದ್ದಳು. ಸೆರಗಿನಿಂದ ಮುಖ ಒರೆಸಿಕೊಂಡು, ಸ್ವಚ್ಛ ಕನ್ನಡದಲ್ಲಿ ಹೇಳಿದಳು:

"ಬಾಯಿ ಹುಟ್ಟಿದಾಗಿಂದ ಐತ್ರಿ ಯಜಮಾನ್ರ. ನಮ್ಮದು ಹೊಳಿ ಆಚಿ, ತೆಲುಗು. ಅವತ್ತು ನೀವು ಕೇಳಿದ್ರಿ, ಇವರು ಹೂಂ ಅಂದ್ರು. ತೆಲುಗಿನ ಹೇಣ್ತಿ ಅಂದ್ರ ನಿಮ್ಮ ಹಬ್ಬ ಕೆಡತೈತಿ ಅಂತ ಅಂಜಿದ್ರು."

ಹಿರಿಯರು ಅವಳ ಕಡೆಗೆ ಒಂದು ಹೆಜ್ಜೆ ಬಂದರು. "ನನಗೆ ಯಾರೂ ಹೇಳಲಿಲ್ಲಮ್ಮ," ಎಂದರು. ಆಮೇಲೆ ಹೇಳಬಾರದ್ದನ್ನೇ ಹೇಳಿದರು. "ಆದರೆ ನಿಮಗೆ ಕನ್ನಡ ಇಷ್ಟು ಚೆನ್ನಾಗಿ ಬರುತ್ತದಲ್ಲ. ಅವರು ಕನ್ನಡಕ್ಕಾಗಿಯೇ ಬದುಕಿದವರು. ಅವರ ಮುಂದೆ ಕನ್ನಡದಲ್ಲೇ..."

"ಬರತೈತ್ರಿ. ಸಂತಿಗೆ ಬರತೈತಿ, ಬಾಡಿಗಿ ಕೇಳಾಕ ಬರತೈತಿ, ಈಗ ನಿಮ್ಮ ಕೂಡ ಜಗಳಕ್ಕೂ ಬಂತು. ಇವರ ಕೂಡ ಮಾತಾಡಾಕ ಬರಂಗಿಲ್ಲ. ಇವರೂ ನನ್ನ ಕೂಡ ಒಂದಿನಾನೂ ಕನ್ನಡ ಆಡಿದವರಲ್ಲ. ಇಪ್ಪತ್ತೈದು ವರ್ಷ ನಾಡಿಗೆ ಆತಂತ ಹಬ್ಬ ಮಾಡಿದ್ರಿ, ಮಾಡ್ರಿ. ನನ್ನ ಮನಿಗೆ ಇಪ್ಪತ್ತೆಂಟು ಆಗೈತಿ. ನನ್ನ ಗಂಡನ್ನ ನಾ ಯಾವ ಮಾತಿನಾಗ ಕಳಿಸಬೇಕು ಅಂತ ಕೇಳಾಕ ನಾ ಯಾರ ಸಮಿತಿಗೂ ಹೋಗಂಗಿಲ್ಲ."

ಹಿರಿಯರು ಮೈಕನ್ನು ಜೋಗಪ್ಪನ ಕೈಗೆ ಕೊಟ್ಟು, ತಮ್ಮ ಹೆಗಲ ಶಾಲು ಮಡಿಸಿಕೊಂಡು, ಗಂಡಸರ ನಡುವೆ ನೆಲದ ಮೇಲೆ ಕೂತರು. ಈರಮ್ಮ ಮತ್ತೆ ಗಂಡನ ಕಡೆ ತಿರುಗಿ, ಬಿಟ್ಟಲ್ಲಿಂದ ರಾಗ ಎತ್ತಿಕೊಂಡಳು. ಸಮಿತಿಯ ಹೊತ್ತು ಮೀರಿತು, ಸಂಸ್ಕಾರಕ್ಕೆ ಬಂದಿದ್ದ ಅಯ್ಯನವರು ಹೇಳಿದ ಹೊತ್ತೂ ಮೀರಿತು. ಅವಳು ಮುಗಿಸುವವರೆಗೆ ಹೆಣ ಎತ್ತಲು ಯಾರೂ ಮುಂದೆ ಬರಲಿಲ್ಲ.

* * *

"ಲಾರಿ ಬ್ಯಾಡ. ಹೆಗಲ ಮ್ಯಾಲೆ ಹೋಗಲಿ," ಎಂದಳು ಈರಮ್ಮ. ದೊಡ್ಡಬಸಪ್ಪ ಬಾಯಿ ತೆರೆದವನು ಹಾಗೆಯೇ ಮುಚ್ಚಿಕೊಂಡ.

ಬಿದಿರು ಕಟ್ಟಿ, ಬಾಳೆಕಂಬ ನಿಲ್ಲಿಸಿ, ಹೆಣ ಹೊರುವ ವಿಮಾನ ಸಿದ್ಧ ಮಾಡಿದ್ದರು. ಕೊಟ್ರಬಸಪ್ಪನನ್ನು ಅದರಲ್ಲಿ ಕೂರಿಸಿದರು. ಸಮಿತಿಯ ಹುಡುಗನೊಬ್ಬ ಕೆಂಪು ಹಳದಿ ಪಟ್ಟಿ ತಂದು, ತಲೆ ಆಡದಂತೆ ಹಿಂದಿನ ಬಿದಿರಿಗೆ ಬಿಗಿಯಲು ಹೋದ.

"ಕಟ್ಟಬ್ಯಾಡಪ್ಪಾ," ಎಂದಳು ಈರಮ್ಮ.

"ತಲಿ ನಿಲ್ಲಂಗಿಲ್ಲ ಅಕ್ಕ, ದಾರಿ ತುಂಬ ಆಡತೈತಿ," ಎಂದ ದೊಡ್ಡಬಸಪ್ಪ.

"ಆಡಲಿ ಬಿಡ್ರಿ."

ಲಿಂಗವಂತನಲ್ಲದ ಜೋಗಪ್ಪ ಯಾರನ್ನೂ ಕೇಳದೆ ಮುಂದಿನ ಬಿದಿರಿಗೆ ಹೆಗಲು ಕೊಟ್ಟ. ಅಯ್ಯನವರು ಒಮ್ಮೆ ಅವನನ್ನು ನೋಡಿದರು, ಒಮ್ಮೆ ಈರಮ್ಮನನ್ನು ನೋಡಿದರು, ಆಮೇಲೆ ಮಂತ್ರ ಹೇಳತೊಡಗಿದರು. ಓಣಿಯ ಬಾಯಲ್ಲಿ ಹೆಂಗಸರು ನಿಂತುಕೊಂಡರು. ಅಲ್ಲಿಂದ ಮುಂದೆ ಗಂಡಸರು ಹೋಗುವುದು ರೂಢಿ. ಈರಮ್ಮ ನಿಲ್ಲಲಿಲ್ಲ. ವಿಮಾನದ ಮಗ್ಗುಲಿಗೆ ಸರಿದು ನಡೆದಳು, ಸಂತೆಗೆ ಗಂಡನ ಜೊತೆ ಹೋಗುವವಳ ಹಾಗೆ. ವಿರೂಪಮ್ಮ ಅವಳ ಹಿಂದೆ ಹೆಜ್ಜೆ ಇಟ್ಟಳು. ಆಮೇಲೆ ಉಳಿದವರೂ ಒಬ್ಬೊಬ್ಬರಾಗಿ ಬಂದರು. ಖಾಲಿ ಲಾರಿ ಓಣಿಯಲ್ಲೇ ಉಳಿಯಿತು.

ಅವಳ ಅಳು ಮುಗಿದಿತ್ತು. ಈಗ ಅವಳು ಮಾತಾಡುತ್ತಿದ್ದಳು, ಬರೀ ಮಾತು, ಮನೆಯ ಮಾತು, ನಾಲ್ಕು ದಿನ ಕೂಡಿಬಿದ್ದ ಮಾತು, ಎಲ್ಲ ತೆಲುಗಿನಲ್ಲಿ. ಎಮ್ಮೆ ಸೋಮವಾರದಿಂದ ಸರಿಯಾಗಿ ಹಾಲು ಕೊಡುತ್ತಿಲ್ಲವಯ್ಯಾ. ಹಿತ್ತಲ ಗೋಡೆ ಬಿರುಕು ಬಿಟ್ಟಿದೆ, ಹೇಳೋಣವೆಂದರೆ ನಿನ್ನ ಜೊತೆ ಮಾತು ಬಿಟ್ಟಿದ್ದೆ. ಆ ನೀಲಿ ಅಂಗಿಯ ಗುಂಡಿ ಹಾಕಿಟ್ಟಿದ್ದೇನೆ, ಈಗ ಯಾರು ತೊಡಬೇಕೋ ಏನೋ. ಬದನೆಕಾಯಿ ಅವತ್ತು ಚೆನ್ನಾಗಿತ್ತೇ, ಇಲ್ಲವೇ? ನೀನು ಹೇಳಲೇ ಇಲ್ಲ.

ಬಜಾರಿನ ಅಂಗಡಿಯವರು ಎದ್ದು ನಿಂತರು. ಹೊತ್ತವರು ಹೆಜ್ಜೆ ಇಟ್ಟಂತೆಲ್ಲ ವಿಮಾನದಲ್ಲಿ ಕೂತ ಕೊಟ್ರಬಸಪ್ಪನ ತಲೆ ಹೆಂಡತಿಯ ಕಡೆಗೆ ವಾಲಿ, ಅವಳ ಒಂದೊಂದು ಮಾತಿಗೂ ಹೂಂ, ಹೂಂ ಎಂದು ಆಡುತ್ತ ಹೋಯಿತು.